ಗುಡ್ಡದಲ್ಲಿ ಸೈಕಲ್ ದಾರಿ ಕಡಿಯುವಾಗ ನಾನು ಮಾಡುವುದು

ಮೌಂಟನ್ ಬೈಕ್ ಟ್ರೇಲ್ ಕಟ್ಟುತ್ತೇನೆ ಅಂದರೆ ಜನ ಮೊದಲು ಕೇಳುವುದು ಜಂಪ್ ಎಷ್ಟು ಎತ್ತರ, ತಿರುವುಗಳು ಹೇಗಿವೆ ಅಂತ. ನಾನು ಮೊದಲು ನೋಡುವುದು ಮಳೆ ನೀರನ್ನು. ಟೈರು ಮಣ್ಣನ್ನು ಸಡಿಲ ಮಾಡುತ್ತದೆ ಅಷ್ಟೇ, ಹೊತ್ತುಕೊಂಡು ಹೋಗುವುದು ನೀರು. ಹಾಗಾಗಿ ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ನೀರಿನ ಕೆಲಸವೇ.

ಜಾಗ ಯಾರದೋ ಅವರ ಒಪ್ಪಿಗೆ ಬರಹದಲ್ಲಿ ಸಿಗುವ ತನಕ ಪಿಕಾಸಿ ಮುಟ್ಟುವುದಿಲ್ಲ. ಕದ್ದು ಕಡಿದ ಟ್ರೇಲ್ ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ಮುಚ್ಚಿಸುತ್ತಾರೆ, ಅದರ ಜೊತೆ ಅಲ್ಲಿ ಸೈಕಲ್ ಹೊಡೆಯುವ ಎಲ್ಲರಿಗೂ ಕೆಟ್ಟ ಹೆಸರು.

ಆಮೇಲೆ ನಡಿಗೆ. ನೆಲ ಒಣಗಿದ್ದಾಗಲೂ ನಡೆಯುತ್ತೇನೆ, ಜೋರು ಮಳೆ ಸುರಿಯುತ್ತಿರುವಾಗಲೂ ನಡೆಯುತ್ತೇನೆ. ಕೈಯಲ್ಲಿ ಇಳಿಜಾರು ಅಳೆಯುವ ಕ್ಲೈನೋಮೀಟರ್, ಜೇಬಲ್ಲಿ ಬಣ್ಣದ ರಿಬ್ಬನ್. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಇಂಬಾ ಎಂಬ ಅಂತರರಾಷ್ಟ್ರೀಯ ಮೌಂಟನ್ ಬೈಕ್ ಸಂಘಟನೆ ಎಲ್ಲೆಡೆ ಹರಡಿದ ಒಂದು ಲೆಕ್ಕವಿದೆ, ನಾನು ಅದನ್ನೇ ಹಿಡಿದು ಹೋಗುತ್ತೇನೆ: ಗುಡ್ಡದ ಇಳಿಜಾರು ಎಷ್ಟಿದೆಯೋ ಟ್ರೇಲ್‌ನ ಇಳಿಜಾರು ಅದರ ಅರ್ಧವನ್ನು ದಾಟಬಾರದು. ಗುಡ್ಡ ಶೇ. 16 ಇದ್ದರೆ, ಅಂದರೆ ಅಡ್ಡಕ್ಕೆ ನೂರು ಮೀಟರ್ ಹೋದಾಗ 16 ಮೀಟರ್ ಇಳಿಯುವಂತಿದ್ದರೆ, ಟ್ರೇಲ್ ಹೆಚ್ಚೆಂದರೆ ಶೇ. 8. ದಾಟಿದರೆ ನೀರು ಟ್ರೇಲನ್ನು ಅಡ್ಡ ದಾಟಿ ಹೋಗುವ ಬದಲು ಟ್ರೇಲನ್ನೇ ಹಿಡಿದು ಕೆಳಗಿಳಿಯುತ್ತದೆ, ಎರಡು ಮಳೆಗಾಲದಲ್ಲಿ ಕೊರಕಲು ಬೀಳುತ್ತದೆ. ಒಟ್ಟು ದಾರಿಯ ಸರಾಸರಿಯನ್ನೂ ಶೇ. 10ರ ಒಳಗೇ ಇಡುತ್ತೇನೆ. ತಮಾಷೆ ಅಂದರೆ, ಹೊಸಬರು ಸುಲಭ ಅಂತ ಆರಿಸುವ ಸಪಾಟು ನೆಲವೇ ನನಗೆ ತಲೆನೋವು. ಅಲ್ಲಿ ನೀರಿಗೆ ಹೋಗಲು ಜಾಗವೇ ಇಲ್ಲ, ನಿಂತು ಕೆಸರಾಗುತ್ತದೆ, ಸವಾರರು ಪಕ್ಕದಿಂದ ಸುತ್ತಿ ಹೋಗುತ್ತಾರೆ, ಕೊನೆಗೆ ಸಣ್ಣ ದಾರಿ ಎತ್ತಿನಗಾಡಿ ಹೋಗುವಷ್ಟು ಅಗಲವಾಗುತ್ತದೆ. ಸಪಾಟು ಬಿಟ್ಟು ಗುಡ್ಡದ ಪಕ್ಕೆಗೆ ಹೋಗಿ.

ಪಕ್ಕೆಯಲ್ಲಿ ಕಡಿಯುವಾಗ ಪೂರ್ತಿ ಅಗಲವನ್ನೂ ಗುಡ್ಡದ ಒಳಗೇ ಕಡಿಯುತ್ತೇವೆ. ಅರ್ಧ ಕಡಿದು, ಆ ಮಣ್ಣನ್ನೇ ಹೊರಗೆ ಸುರಿದು ಉಳಿದರ್ಧ ಅಗಲ ಮಾಡಿಕೊಳ್ಳುವುದು ಬೇಗ ಆಗುತ್ತದೆ ನಿಜ, ಆದರೆ ಸುರಿದ ಮಣ್ಣು ಕುಸಿಯುತ್ತದೆ. ಕೊಳೆತ ಎಲೆ, ಬೇರುಗಳ ಮೇಲ್ಪದರ ಪೂರಾ ತೆಗೆದು ಗಟ್ಟಿ ಮಣ್ಣು ಸಿಗುವ ತನಕ ಇಳಿಯಬೇಕು. ಮೇಲ್ಪದರದ ಮೇಲೆ ಓಡಿಸಿದರೆ ಅದು ನೀರು ಹೀರಿ ಸ್ಪಂಜಾಗುತ್ತದೆ. ಕಡಿದಾದ ಮೇಲೆ ಟ್ರೇಲ್‌ನ ಮೈ ಹೊರಗಡೆಗೆ, ಅಂದರೆ ಗುಡ್ಡ ಇಳಿಯುವ ಕಡೆಗೆ, ಸ್ವಲ್ಪ ವಾಲಿರಬೇಕು, ಸುಮಾರು ಶೇ. 5. ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ. ಗುಡ್ಡದಲ್ಲಿ ನಿಂತರೆ ಯಾವುದು ಮಟ್ಟ ಅಂತಲೇ ಗೊತ್ತಾಗುವುದಿಲ್ಲ. ಒಂದು ಮೀಟರ್ ಉದ್ದದ ನೇರ ಹಲಗೆಯನ್ನು ಅಡ್ಡ ಇಟ್ಟು, ಹೊರ ತುದಿಯ ಕೆಳಗೆ 5 ಸೆಂ.ಮೀ. ಮರದ ತುಂಡು ಕೊಟ್ಟು, ಮೇಲೆ ರಸಮಟ್ಟ ಇಡುತ್ತೇನೆ. ಗುಳ್ಳೆ ನಡುವೆ ನಿಂತರೆ ಸರಿ. ಕೊನೆಗೆ ಒಂದು ಬಾಟಲಿ ನೀರು ಸುರಿಯುತ್ತೇನೆ. ಒಂದೆರಡು ಗೇಣು ಹರಿದು ಅಂಚು ದಾಟಿ ಕೆಳಗೆ ಹೋದರೆ ಮುಂದಿನ ಭಾಗಕ್ಕೆ. ದಾರಿ ಹಿಡಿದು ಓಡಿದರೆ ಮತ್ತೆ ಸಲಿಕೆ.

ಇಷ್ಟೇ ಸಾಲದು. ಟೈರು ತುಳಿದು ತುಳಿದು ಮಧ್ಯದಲ್ಲಿ ತಗ್ಗಾಗಿ ಆ ವಾಲು ಹೋಗಿಯೇ ಹೋಗುತ್ತದೆ. ಅದಕ್ಕೆ ಇಳಿಯುವ ದಾರಿಯನ್ನು ಅಲ್ಲಲ್ಲಿ ತುಸು ಮೇಲೆಬ್ಬಿಸಿ ಮತ್ತೆ ಇಳಿಸುತ್ತೇವೆ, 6ರಿಂದ 15 ಮೀಟರಿಗೊಂದರಂತೆ. ನೀರು ಏರು ಹತ್ತಲಾರದು, ಆ ತಗ್ಗಿನಲ್ಲೇ ಹೊರಗೆ ಹೋಗುತ್ತದೆ. ಸವಾರನಿಗೆ ಮಾತ್ರ ಅದು ಖುಷಿಯ ಅಲೆ! ಅಡ್ಡ ದಿಮ್ಮಿ ಹೂತು ನೀರು ತಿರುಗಿಸುವ ಹಳೇ ಪದ್ಧತಿ ನನಗೆ ಇಷ್ಟವಿಲ್ಲ. ಅದರ ಹಿಂದೆ ಬೇಗ ಹೂಳು ತುಂಬುತ್ತದೆ, ಒದ್ದೆಯಾದಾಗ ಚಕ್ರ ಜಾರುತ್ತದೆ.

ಸುರಕ್ಷತೆ ವಿಷಯದಲ್ಲಿ ಬೋರ್ಡಿಗಿಂತ ದಾರಿಯನ್ನೇ ಜಾಸ್ತಿ ನಂಬುತ್ತೇನೆ. ಕಷ್ಟದ ಟ್ರೇಲ್ ಆದರೆ ಅದರ ಬಾಯಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಒಂದು ಕಷ್ಟದ ಕಲ್ಲುಹಾಸು ಅಥವಾ ಕಿರಿದಾದ ಜಾಗ ಇಡುತ್ತೇವೆ. ಅದು ದಾಟಲು ಆಗದವರು ಅಲ್ಲೇ ವಾಪಸ್ ಹೋಗುತ್ತಾರೆ, ಒಳಗೆ ಹೋಗಿ ಬೀಳುವುದಿಲ್ಲ. ನೇರ ಇಳಿದು ಥಟ್ಟನೆ ತಿರುವು ಬಂದರೆ ಎಲ್ಲರೂ ಅಲ್ಲೇ ಬ್ರೇಕ್ ಒತ್ತುತ್ತಾರೆ, ನೆಲ ಏರಿಳಿತವಾಗಿ ಹೋಗುತ್ತದೆ. ತಿರುವಿಗೆ ಮುಂಚೆ ಒಂದು ಸಣ್ಣ ಏರು ಕೊಟ್ಟರೆ ವೇಗ ತಾನಾಗೇ ಇಳಿಯುತ್ತದೆ. ಬಿದ್ದರೆ ಎಲ್ಲಿ ಬೀಳುತ್ತಾರೋ ಆ ಜಾಗವನ್ನೂ ನೋಡಬೇಕು ಅಲ್ವಾ? ಮೊನಚಾದ ಮೋಟು, ಅರ್ಧ ಕತ್ತರಿಸಿ ಬಿಟ್ಟ ಕೊಂಬೆ ಇದ್ದರೆ ಹೊಟ್ಟೆಗೇ ಚುಚ್ಚುತ್ತದೆ. ಕೊಂಬೆಯನ್ನು ಕಾಂಡದ ಹತ್ತಿರ, ಬುಡದ ಉಬ್ಬಿಗೆ ಏಟಾಗದಂತೆ ಕತ್ತರಿಸುತ್ತೇವೆ. ಮರದ ಗಾಯವೂ ಬೇಗ ಮುಚ್ಚುತ್ತದೆ.

ಟ್ರೇಲ್ ತೆರೆದ ಮೇಲೆ ಶುರುವಾಗುವುದು ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಮಳೆ ನಿಂತ ಮೇಲೆ ತರಗೆಲೆಗಳನ್ನು ನೋಡುತ್ತಾ ಹೋಗಿ. ಎಲೆಗಳೆಲ್ಲ ಸಾಲಾಗಿ ದಾರಿಯುದ್ದಕ್ಕೂ ಅಂಟಿಕೊಂಡಿದ್ದರೆ ನೀರು ದಾರಿ ಹಿಡಿದಿದೆ ಅಂತ ಅರ್ಥ. ಸಾಮಾನ್ಯವಾಗಿ ಕಾರಣ ಹೊರ ಅಂಚಿನಲ್ಲಿ ಕಟ್ಟಿಕೊಂಡ ಮಣ್ಣಿನ ದಿಂಡು. ಸಲಿಕೆಯಿಂದ ಅದನ್ನು ಕೆರೆದು ಕೆಳಗೆ ದೂರಕ್ಕೆ ಎಸೆಯುತ್ತೇವೆ, ಅಂಚಲ್ಲೇ ಬಿಟ್ಟರೆ ಮತ್ತೆ ದಿಂಡಾಗುತ್ತದೆ. ಒಂದೇ ಕಡೆ ನೀರು ನಿಂತಿದ್ದರೆ ಅಲ್ಲಿ ಸುಮಾರು 3 ಮೀಟರ್ ಅಗಲಕ್ಕೆ ಅರ್ಧಚಂದ್ರದ ಆಕಾರದಲ್ಲಿ ಹೊರಗೆ ವಾಲಿಸಿ ಕೆರೆದರೆ ಸಾಕು. ಗುಂಡಿಗೆ ಸುಮ್ನೆ ಜಲ್ಲಿ ಸುರಿಯುವುದು ಹಣ ಹಾಳು.

ನೆಲ ಹಸಿಯಾಗಿದ್ದಾಗ ಟೈರಿನ ಗುರುತು ಆಳಕ್ಕೆ ಇಳಿಯುತ್ತಿದ್ದರೆ ತಿರುಗಿ ಮನೆಗೆ ಹೋಗಿ ಅಂತ ಎಲ್ಲರಿಗೂ ಹೇಳುತ್ತೇವೆ. ಕೇಳುವವರು ಕೇಳುತ್ತಾರೆ.

ಕೆಟ್ಟುಹೋದ ಹಳೇ ದಾರಿಯನ್ನು ಬಿಟ್ಟು ಹೊಸದು ಕಡಿದಾಗ ಹಳೆಯದನ್ನು ಮುಚ್ಚುವುದೂ ಅಷ್ಟೇ ದೊಡ್ಡ ಕೆಲಸ. ಬಾಯಿಗೆ ಎರಡು ಕೊಂಬೆ ಎಳೆದು ಹಾಕಿದರೆ ಯಾರೂ ನಿಲ್ಲುವುದಿಲ್ಲ, ಪಕ್ಕದಿಂದ ನುಗ್ಗುತ್ತಾರೆ. ಗಟ್ಟಿಯಾದ ನೆಲವನ್ನು ಪಿಕಾಸಿಯಿಂದ ಸಡಿಲ ಮಾಡಿ, ಕೊರಕಲಿಗೆ ಅಡ್ಡಡ್ಡ ದಿಮ್ಮಿ ಕೊಟ್ಟು ಮಣ್ಣು ನಿಲ್ಲಿಸಿ, ಅದೇ ಕಾಡಿನ ಗಿಡ ನೆಟ್ಟು, ಮೇಲೆ ತರಗೆಲೆ ಹರಡುತ್ತೇವೆ. ಹೊಸ ದಾರಿಯಿಂದ ನಿಂತು ನೋಡಿದರೆ ಎಷ್ಟು ದೂರ ಕಾಣುತ್ತದೋ ಅಷ್ಟು ದೂರ.