ಶಿರಾ ಉಪಚುನಾವಣೆಯಲ್ಲಿ ನನ್ನ ಪಿಆರ್‌ಒ ಡ್ಯೂಟಿ

2020ರ ಆಗಸ್ಟ್‌ನಲ್ಲಿ ಶಿರಾ ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡರು. ಹೀಗೆ ಖಾಲಿಯಾದ ಸ್ಥಾನಕ್ಕೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು. ನವೆಂಬರ್ 3ಕ್ಕೆ ಮತದಾನ ಅಂತಾಯಿತು. ಮೇಷ್ಟ್ರಾದ ನನಗೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಅಂದರೆ ಪಿಆರ್‌ಒ ಆರ್ಡರ್ ಬಂತು.

ಮೊದಲೂ ಚುನಾವಣಾ ಕೆಲಸ ಮಾಡಿದ್ದೆ. ಆದರೆ ಸಾವಿನಿಂದ ಬಂದ ಚುನಾವಣೆ ಬೇರೆಯೇ. ಕಣದಲ್ಲಿ ಸತ್ಯನಾರಾಯಣ ಅವರ ಪತ್ನಿ ಅಮ್ಮಾಜಮ್ಮ ಇದ್ದರು. ಹಾಗಾಗಿ ಸಾಲಿನಲ್ಲಿ ನಿಂತವರ ಬಾಯಲ್ಲಿ ತೀರಿಹೋದವರದೇ ಮಾತು. ಬೇರೆ ಕಡೆ ಅದು ಸಂತಾಪ. ಮತಗಟ್ಟೆಯ ನೂರು ಮೀಟರ್ ಒಳಗೆ ಅದೇ ಮಾತು ಪ್ರಚಾರ ಆಗಿಬಿಡಬಹುದು. ಆದ್ದರಿಂದ ಮತಯಂತ್ರ ಸರಿಯಿದೆಯೇ ಅಂತ ನೋಡುವ ಅಣಕು ಮತದಾನಕ್ಕೆ ಬೆಳಗ್ಗೆ ಐದೂವರೆಗೆ ಕೂತಾಗಲೇ ಎಲ್ಲ ಪಕ್ಷದ ಏಜೆಂಟರಿಗೂ ಹೇಳಿದೆ: ಒಳಗೆ ಆ ವಿಷಯ ಬೇಡ, ಪರವಾಗಿಯೂ ಬೇಡ, ವಿರೋಧವಾಗಿಯೂ ಬೇಡ. ಒಪ್ಪಿದರು. ಐವತ್ತು ಓಟು ಹಾಕಿಸಿ, ಯಂತ್ರದಿಂದ ಬಿದ್ದ ಚೀಟಿ ಎಣಿಸಿ, ಕ್ಲಿಯರ್ ಬಟನ್ ಒತ್ತಿ, ಸೊನ್ನೆ ಬಂದಿದ್ದನ್ನು ಎಲ್ಲರಿಗೂ ತೋರಿಸಿದೆ. ಈ ಹಂತದಲ್ಲಿ ಮಾತ್ರ ಅವಸರ ಮಾಡಬೇಡಿ.

ಕೊರೊನಾ ಕಾಲ. ಬಾಗಿಲಲ್ಲಿ ಜ್ವರ ನೋಡಿ ಒಂದು ಗ್ಲೌಸ್ ಕೊಡುತ್ತಿದ್ದೆವು. ಅದು ಬಲಗೈಗೆ. ಜಾಸ್ತಿ ಜನ ಎಡಗೈಗೆ ಹಾಕಿಕೊಂಡು ಬರುತ್ತಿದ್ದರು. ಶಾಯಿ ಹಚ್ಚುವುದು ಎಡ ತೋರುಬೆರಳಿಗೆ, ಸಹಿ ಬಾರದವರ ಹೆಬ್ಬೆಟ್ಟೂ ಎಡಗೈದೇ. ಬಿಚ್ಚಿಸು, ಮತ್ತೆ ಹಾಕಿಸು, ಅಷ್ಟರಲ್ಲಿ ಸಾಲು ನಿಂತೇಬಿಡುತ್ತಿತ್ತು. ಕೊನೆಗೆ ಗ್ಲೌಸ್ ಕೊಡುವವರಿಗೇ ಹೇಳಿದೆ, ಪ್ರತಿಯೊಬ್ಬರ ಬಲಗೈ ಮುಂದೆ ಮಾಡಿಸಿಯೇ ಕೊಡಿ ಅಂತ. ಆಮೇಲೆ ಸರಾಗವಾಯಿತು.

ಮಧ್ಯಾಹ್ನ ಒಬ್ಬ ಅಜ್ಜಿ ಬಂದರು. ಸೆರಗಿನ ತುದಿಯಲ್ಲಿ ಓಟರ್ ಕಾರ್ಡ್ ಗಂಟು ಹಾಕಿದ್ದರು. ಗಂಟು ಬಿಚ್ಚುತ್ತಾ, "ಓದ ಸಲ ಆಕಿದ್ ಓಟು ಎಲ್ಲೋಯ್ತಪ್ಪ? ಅವ್ರೇ ಓಗ್ಬುಟ್ರಲ್ಲ" ಅಂದರು. ಕಣ್ಣು ತುಂಬಿತ್ತು. ಏಜೆಂಟರು ತಲೆ ಎತ್ತಿ ನನ್ನನ್ನೇ ನೋಡಿದರು. ನನಗೂ ಗಂಟಲು ಕಟ್ಟಿತು. ಸಮಾಧಾನ ಹೇಳಬೇಕು ಅನ್ನಿಸಿತು, ಆದರೆ ನಾನು ಕೂತ ಕುರ್ಚಿಯಿಂದ ಆಡುವ ಮಾತಲ್ಲ ಅದು. "ಇಲ್ಲಿ ಹೆಬ್ಬೆಟ್ಟು ಒತ್ತಿ ಅಜ್ಜಿ" ಅಂದೆ ಅಷ್ಟೇ.

ಕೊನೆಯ ಒಂದು ಗಂಟೆ ಕೋವಿಡ್ ರೋಗಿಗಳಿಗೆ ಮೀಸಲು. ಆರಕ್ಕೆ ಯಂತ್ರದ ಕ್ಲೋಸ್ ಬಟನ್ ಒತ್ತಿ, ಬಿದ್ದ ಮತಗಳ ಲೆಕ್ಕದ 17ಸಿ ನಮೂನೆ ತುಂಬಿ, ಪ್ರತಿಗಳನ್ನು ಏಜೆಂಟರಿಗೆ ಕೊಟ್ಟೆ. ಎಲ್ಲರೂ ಮತ್ತೊಮ್ಮೆ ಲೆಕ್ಕ ನೋಡಿ ಸಹಿ ಹಾಕಿದರು.

10ನೇ ತಾರೀಕು ಫಲಿತಾಂಶ ಬಂತು. ಬಿಜೆಪಿಯ ರಾಜೇಶ್ ಗೌಡ ಗೆದ್ದಿದ್ದರು, ಶಿರಾದಲ್ಲಿ ಆ ಪಕ್ಷಕ್ಕೆ ಅದೇ ಮೊದಲ ಗೆಲುವು. ನಾನು ಆವತ್ತು ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆ. ಆ ಅಜ್ಜಿಯ ಸೆರಗಿನ ಗಂಟು ಕಣ್ಣ ಮುಂದೆ ಬಂತು.