ಬಾದಾಮಿಗೆ ಮನೆಮಂದಿಯೆಲ್ಲ ಹೊರಟರೆ ಎಂಥ ಮನೆ ಹಿಡಿಯಬೇಕು?

ಬನಶಂಕರಿ ನಮ್ಮ ಮನೆದೇವರು. ಹಾಗಾಗಿ ಬೆಳಗಾವಿಯಿಂದ ಅತ್ತೆ, ಕಾಕಾ, ಕಾಕು, ಮೈದುನನ ಮಕ್ಕಳು ಎಲ್ಲ ಕೂಡಿ ಬಾದಾಮಿಗೆ ಹೋಗುವ ರೂಢಿ ನಮ್ಮಲ್ಲಿದೆ. ಲಾಡ್ಜಿನಲ್ಲಿ ಬೇರೆ ಬೇರೆ ರೂಮು ಹಿಡಿದರೆ ಒಬ್ಬರ ಮುಖ ಒಬ್ಬರು ನೋಡುವುದು ಊಟಕ್ಕೆ ಮಾತ್ರ. ಅದಕ್ಕೇ ಎರಡು ದಿನದ ಮಟ್ಟಿಗೆ ಇಡೀ ಮನೆಯನ್ನೇ ಬಾಡಿಗೆಗೆ ಹಿಡಿಯುತ್ತೇವೆ. ಹುಡುಕುವ ಕೆಲಸ ನನ್ನದು. ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಬಚ್ಚಲಿನ ಬಗ್ಗೆ.

ಫೋಟೋದಲ್ಲಿ ಸೋಫಾ ಇರುತ್ತದೆ, ಮಾಳಿಗೆಯಿಂದ ಕಾಣುವ ಕೆಂಪು ಗುಡ್ಡ ಇರುತ್ತದೆ. ಬಚ್ಚಲು ಇರುವುದು ಅಪರೂಪ. ಆದರೆ ಮೊಣಕಾಲು ನೋವಿನ ಅತ್ತೆಗೆ ಬೇಕಾದದ್ದು ಗುಡ್ಡ ಅಲ್ಲ, ಕಮೋಡ್. ಹಾಗಾಗಿ ಬಾಡಿಗೆಗೆ ಕೊಡುವ ಮನೆಯವರಿಗೆ ವಿಡಿಯೋ ಕಾಲ್ ಮಾಡಿ, "ಗೇಟಿನಿಂದ ಬಚ್ಚಲ ತನಕ ಹಂಗ ನಡ್ಕೋತ ತೋರಸ್ರಿ" ಅನ್ನುತ್ತೇನೆ. ಅಷ್ಟರಲ್ಲೇ ಎಲ್ಲ ಗೊತ್ತಾಗುತ್ತದೆ. ಬಾಗಿಲಿಗೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯಾ, ಮಲಗುವ ಕೋಣೆ ಕೆಳಗೇ ಇದೆಯಾ, ಟೈಲ್ಸ್ ಜಾರುತ್ತದಾ. ಬಚ್ಚಲ ಹೊಸ್ತಿಲು ಗೇಣೆತ್ತರ ಇದ್ದರೆ ರಾತ್ರಿ ಎದ್ದವರು ಎಡವುವುದು ಅಲ್ಲೇ. ಹಗಲೆಲ್ಲ ಗುಹೆಗಳ ಮೆಟ್ಟಿಲು ಹತ್ತಿ ಇಳಿದವರಿಗೆ ಸಂಜೆ ಮನೆಯಲ್ಲೂ ಮಹಡಿ ಹತ್ತಿಸುವುದು ಅನ್ಯಾಯ.

ಆಮೇಲೆ ನೀರು. ಸೋಲಾರ್ ಇದೆ ಅಂದರೆ ಸಾಲದು. ಹತ್ತು ಮಂದಿ ಇದ್ದರೆ ಮೊದಲು ಎದ್ದ ನಾಲ್ವರಿಗೆ ಬಿಸಿನೀರು, ಉಳಿದವರಿಗೆ ತಣ್ಣೀರು. ಗೀಸರ್ ಕೂಡ ಇದೆಯಾ, ಕರೆಂಟ್ ಹೋದರೆ ಮೋಟರ್ ಹೇಗೆ ನಡೆಯುತ್ತದೆ, ಕುಡಿಯುವ ನೀರಿನ ಕ್ಯಾನು ಯಾರು ತರಿಸುತ್ತಾರೆ, ಕೇಳಿ.

ಅಕ್ಟೋಬರ್‌ನಿಂದ ಫೆಬ್ರುವರಿ ತನಕ ಹವೆ ಚೆನ್ನ. ಮಕ್ಕಳ ರಜೆ ಅಂತ ಏಪ್ರಿಲ್‌ನಲ್ಲಿ ಹೋಗುವವರು ಮೇಲಿನ ಮಹಡಿ ಬೇಡ ಅನ್ನಿ. ಹಗಲು ಕಾದ ಸ್ಲ್ಯಾಬು ರಾತ್ರಿಯೆಲ್ಲ ಕೆಳಗೆ ಕಾವು ಬಿಡುತ್ತದೆ, ಫ್ಯಾನು ಅದೇ ಬಿಸಿಗಾಳಿಯನ್ನು ತಿರುಗಿಸುತ್ತದೆ. ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, ಐಹೊಳೆ ಇನ್ನೂ ಮುಂದೆ. ಬೆಳಗ್ಗೆ ಬೇಗ ಹೋಗಿ ಮಧ್ಯಾಹ್ನ ಬಂದು ಎಲ್ಲರೂ ಅಡ್ಡಾಗಬೇಕಲ್ವಾ? ತಂಪಾದ ದೊಡ್ಡ ಪಡಸಾಲೆ ಒಂದಿದ್ದರೆ ಮಂಚ ಎಷ್ಟಿವೆ ಅನ್ನುವುದು ದೊಡ್ಡ ಮಾತಲ್ಲ. ಜಮಖಾನ ಹಾಸಿದರೆ ಆಯಿತು.

"ಸ್ಟೇಷನ್ ಹತ್ತಿರ" ಅಂತ ಬರೆದಿದ್ದರೆ ಗಮನವಿರಲಿ. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ. ಬನಶಂಕರಿ ಗುಡಿಯೂ ಊರಿಂದ ಹೆಚ್ಚುಕಡಿಮೆ ಅಷ್ಟೇ ದೂರ. ಅಗಸ್ತ್ಯ ತೀರ್ಥ ಅನ್ನುವ ದೊಡ್ಡ ಹೊಂಡದ ಹತ್ತಿರದ ಓಣಿಗಳಲ್ಲಿ ಮನೆ ಇದ್ದರೆ ಹೊಂಡಕ್ಕೆ, ಭೂತನಾಥ ಗುಡಿಗೆ ನಡೆದೇ ಹೋಗಬಹುದು. ಆದರೆ ಓಣಿ ಸಣ್ಣವು. ಟೆಂಪೋ ಟ್ರಾವೆಲರ್ ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಕೇಳಿ, ಇಲ್ಲವಾದರೆ ಬ್ಯಾಗೆಲ್ಲ ಹೊತ್ತು ನಡೆಯಬೇಕು.

ಮಂಗಗಳ ಬಗ್ಗೆ ಮನೆಯವರು ತಾವಾಗಿ ಹೇಳುವುದಿಲ್ಲ. ಅಡುಗೆಮನೆ ಕಿಟಕಿಗೆ ಜಾಳಿಗೆ ಇರಲೇಬೇಕು, ಸರಳು ಸಾಲದು. ಒಂದು ಮಂಗ ಸರಳಿನ ನಡುವೆ ಕೈ ಚಾಚಿ, ಕಟ್ಟೆಯ ಮೇಲಿದ್ದ ಡಬ್ಬಿಯ ಮುಚ್ಚಳ ತಿರುವಿ, ಶೇಂಗಾ ಹೋಳಿಗೆಯನ್ನು ಒಂದೊಂದಾಗಿ ಎಳೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಒಣಹಾಕಿದ ಬಟ್ಟೆಯನ್ನೂ ಬಿಡುವುದಿಲ್ಲ.

ಅಡುಗೆ ಜಾಸ್ತಿ ಹಚ್ಚಿಕೊಳ್ಳಬೇಡಿ. ಖಾನಾವಳಿಯಿಂದ ರೊಟ್ಟಿ, ಎಣ್ಣೆಗಾಯಿ ತಂದರೆ ಸಾಕು. ಹೆಂಗಸರಿಗೂ ಅದು ಪ್ರವಾಸವೇ. ಆದರೆ ಚಹಾಕ್ಕೆ, ಮಕ್ಕಳ ಹಾಲಿಗೆ, ರಾತ್ರಿಯ ಅನ್ನಕ್ಕೆ ಗ್ಯಾಸು ಮತ್ತು ದೊಡ್ಡ ಕುಕ್ಕರ್ ಬೇಕು.

ಬನಶಂಕರಿಯ ಬನದ ಹುಣ್ಣಿಮೆ ಜಾತ್ರೆಗೆ, ಅಂದರೆ ಪುಷ್ಯ ಮಾಸದಲ್ಲಿ ಹೋಗುವುದಾದರೆ ತಿಂಗಳುಗಟ್ಟಲೆ ಮೊದಲೇ ಮನೆ ಹಿಡಿಯಿರಿ. ಗದ್ದಲ ಜಾಸ್ತಿ, ಬಾಡಿಗೆಯೂ ಜಾಸ್ತಿ. ಆದರೂ ಜಾತ್ರೆಗೆ ಬರುವ ನಾಟಕ ಕಂಪನಿಗಳ ರಾತ್ರಿಗಳನ್ನು ಮಕ್ಕಳು ಒಮ್ಮೆ ನೋಡಲೇಬೇಕು. ನಾಟಕ ಮುಗಿಸಿ ಬೆಳಗಿನ ಜಾವ ಬಂದರೆ ಬಾಗಿಲು ತೆಗೆಯುವವರು ಯಾರು, ಕೀಲಿ ನಮ್ಮ ಕೈಗೇ ಕೊಡುತ್ತಾರಾ, ಅದನ್ನೂ ಕೇಳಿ.

ದುಡ್ಡಿನ ಮಾತು ವಾಟ್ಸಾಪ್‌ನಲ್ಲಿ ಬರವಣಿಗೆಯಲ್ಲೇ ಇರಲಿ. ಬಾಡಿಗೆ ಮನೆಗೋ ತಲೆಗೋ, ಹೆಚ್ಚಿನ ಗಾದಿಗೆ, ಸ್ವಚ್ಛತೆಗೆ ಬೇರೆ ದುಡ್ಡಾ, ಹೋಗುವುದು ರದ್ದಾದರೆ ಎಷ್ಟು ವಾಪಸ್. ಯುಪಿಐನಲ್ಲಿ ತೋರಿಸುವ ಹೆಸರು ಮನೆಯವರದ್ದೇ ಅಂತ ಖಾತ್ರಿಯಾದ ಮೇಲೆ ಮುಂಗಡ ಹಾಕಿ. ಪೂರ್ತಿ ಹಣ ಮಾತ್ರ ಮನೆಯೊಳಗೆ ಕಾಲಿಟ್ಟು, ನಲ್ಲಿ ತಿರುಗಿಸಿ ನೋಡಿದ ಮೇಲೆ.