ಮಲ್ಪೆಯಲ್ಲಿ ಮಾಡಿದ ಮನೆ, ಮಸ್ಕತ್‌ನ ಲಾರಿಗೆ

ತಮ್ಮ ಮಸ್ಕತ್‌ನಲ್ಲಿ ಹಳೆಯ ಕ್ಯಾಂಟರ್ ಲಾರಿ ತೆಗೆದುಕೊಂಡ. ಹಿಂದಿನ ಡಬ್ಬದೊಳಗೆ ಮಂಚ, ಅಡುಗೆ ಕಟ್ಟೆ, ಕಪಾಟು ಕೂರಿಸಿ, ಹೆಂಡತಿ ಮಕ್ಕಳ ಜೊತೆ ಬೆಟ್ಟ ಮರುಭೂಮಿ ಸುತ್ತಬೇಕು ಅನ್ನೋದು ಅವನ ಎಷ್ಟೋ ವರ್ಷದ ಆಸೆ. "ಅಣ್ಣಾ, ಮರದ ಕೆಲಸ ಊರಲ್ಲೇ ಮಾಡಿಸಿ ಕಳಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದ. ಆಗುತ್ತದೆ ಎಂದೆ. ಆಮೇಲೆ ನಾಲ್ಕು ತಿಂಗಳು ನನಗೆ ಅದೇ ಧ್ಯಾನ.

ನಾನು ಹೋಗಿದ್ದು ಮಲ್ಪೆಯಲ್ಲಿ ಬೋಟಿನ ಕ್ಯಾಬಿನ್ ಮಾಡುವ ಆಚಾರ್ರ ಹತ್ತಿರ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಇರುವುದಿಲ್ಲ, ಬೋಟುಗಳೆಲ್ಲ ರಿಪೇರಿಗೆ ಬರುತ್ತವೆ. ಆಗ ಅವರಿಗೆ ಪುರುಸೊತ್ತೇ ಇಲ್ಲ. ಹಾಗಾಗಿ ದೀಪಾವಳಿ ಕಳೆದ ಮೇಲೆ ಶುರು ಮಾಡಿದೆವು. ಅವರು ನಕ್ಷೆ ನೋಡಿ, "ಬೋಟೂ ಅಲುಗಾಡ್ತದೆ, ಲಾರಿಯೂ ಅಲುಗಾಡ್ತದೆ ಮಾರಾಯ್ರೆ. ಮೊಳೆ ಬೇಡ, ಬೋಲ್ಟ್ ಹಾಕುವ" ಎಂದರು. ಆ ಮಾತಿನಿಂದ ಸಾಗಣೆಯ ಕಷ್ಟವೂ ಅರ್ಧ ಇಳಿಯಿತು. ಬೋಲ್ಟ್ ಆದರೆ ಎಲ್ಲವನ್ನೂ ಬಿಚ್ಚಿ ಹಲಗೆಯಾಗಿ ಮಲಗಿಸಬಹುದಲ್ವಾ?

ಯಾಕೆಂದರೆ ಹಡಗಿನಲ್ಲಿ ಸಣ್ಣ ಸಾಮಾನಿಗೆ ದರ ಹಾಕುವುದು ಜಾಗದ ಮೇಲೆ. ಒಂದು ಘನ ಮೀಟರ್ ಅಥವಾ ಒಂದು ಟನ್, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ. 12 ಮಿ.ಮೀ. ನೀರು ತಡೆಯುವ ಮೆರೈನ್ ಪ್ಲೈವುಡ್‌ನ 14 ಶೀಟು ಕೊಯ್ದು, ಪ್ರತಿ ತುಂಡಿಗೂ ನಂಬರ್ ಬರೆದು ಅಡಕಿದೆವು. ಪೆಟ್ಟಿಗೆಯ ಅಳತೆ 2.5 ಮೀಟರ್ ಉದ್ದ, 1.3 ಅಗಲ, ಅರ್ಧ ಮೀಟರ್ ಎತ್ತರ. ಅಂದರೆ 1.6 ಘನ ಮೀಟರ್ ಚಿಲ್ಲರೆ. ತೂಕ ನಾನೂರು ಕಿಲೋ ದಾಟಿತ್ತು, ಆದರೂ ದುಡ್ಡು ಕೊಟ್ಟಿದ್ದು ಜಾಗಕ್ಕೇ. ಜೋಡಿಸಿದ ಕಪಾಟುಗಳನ್ನೇ ಕಳಿಸಿದ್ದರೆ ಒಳಗಿನ ಗಾಳಿಗೂ ಬಾಡಿಗೆ ಕಟ್ಟಬೇಕಿತ್ತು.

ಎಡವಿದ್ದು ಪೆಟ್ಟಿಗೆಯಲ್ಲಿ. ಸಾಮಿಲ್ಲಿನಿಂದ ಹಸಿ ಮಾವಿನ ಹಲಗೆ ತಂದು ಗಟ್ಟಿಯಾದ ಪೆಟ್ಟಿಗೆ ಹೊಡೆಸಿದ್ದೆ. ಹಡಗಿಗೆ ಸಾಮಾನು ಕಳಿಸಿಕೊಡುವ ಮಂಗಳೂರಿನ ಏಜೆಂಟರು ನೋಡಿದ ಕೂಡಲೇ ಬೇಡ ಎಂದರು. ಮರದೊಳಗಿನ ಹುಳ ಬೇರೆ ದೇಶಕ್ಕೆ ಹೋಗಬಾರದು ಎಂದು ಐಎಸ್‌ಪಿಎಂ 15 ಎಂಬ ನಿಯಮ ಇದೆ. ಪ್ಯಾಕಿಂಗ್‌ ಮರವನ್ನು ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿ ಮಾಡಿ ಮುದ್ರೆ ಒತ್ತಿರಬೇಕು. ಮುದ್ರೆಯಲ್ಲಿ ತೆನೆಯ ಗುರುತು, ದೇಶದ ಅಕ್ಷರ, ಕೊನೆಗೆ ಎಚ್‌ಟಿ (ಬಿಸಿ ಮಾಡಿದ್ದು) ಎಂದು ಇರುತ್ತದೆ. ಪ್ಲೈವುಡ್ ತಯಾರಾಗುವಾಗಲೇ ಬಿಸಿ, ಅಂಟು, ಒತ್ತಡ ಎಲ್ಲ ಕಂಡಿರುವುದರಿಂದ ಅದಕ್ಕೆ ಈ ಮುದ್ರೆ ಬೇಡ. ಹಾಗಾಗಿ ಎರಡನೇ ಸಲ ಪೆಟ್ಟಿಗೆಯನ್ನು ಪ್ಲೈವುಡ್‌ನಲ್ಲೇ ಮಾಡಿ, ಕಾಲಿಗೆ ಮಾತ್ರ ಮುದ್ರೆಯಿರುವ ಮರ ಹಾಕಿದೆವು. ಹನ್ನೆರಡು ದಿನ ಹೋಯಿತು. ನೀವು ಮಾಡುವುದಾದರೆ ಆಚಾರ್ರಿಗಿಂತ ಮೊದಲು ಏಜೆಂಟರ ಹತ್ತಿರ ಮಾತಾಡಿ.

ಏನು ಕಳಿಸಬಾರದು ಎಂಬುದೂ ಆಗಲೇ ತಿಳಿಯಿತು. ಫೈಬರ್ ಕೆಲಸದ ರೆಸಿನ್‌ಗೆ ಬೆಂಕಿ ಬೇಗ ಹತ್ತುತ್ತದೆ, ಅದನ್ನು ಗಟ್ಟಿ ಮಾಡುವ ದ್ರಾವಣ ಇನ್ನೂ ಅಪಾಯ. ಲಿಥಿಯಂ ಬ್ಯಾಟರಿಯೂ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಇವನ್ನು ಕಪಾಟಿನ ಮಧ್ಯೆ ಸುಮ್ನೆ ತುರುಕಬೇಡಿ. ಹಡಗಿನಲ್ಲಿ ಬೇರೆಯವರ ಸಾಮಾನು, ಜನರ ಜೀವ ಎರಡೂ ಇರುತ್ತವೆ. ತಮ್ಮ ಅವನ್ನೆಲ್ಲ ಅಲ್ಲೇ ಕೊಂಡ. ಬೋಲ್ಟ್, ತಿರುಗಣೆ ಮಾತ್ರ ಇಲ್ಲಿಂದಲೇ ಹಾಕಿದೆ. ಮಲ್ಪೆಯ ಬೋಟಿನ ಅಂಗಡಿಯ 316 ಎಂಬ ದರ್ಜೆಯ ಸ್ಟೀಲು ಉಪ್ಪುಗಾಳಿಗೆ ಬೇಗ ಜಗ್ಗುವುದಿಲ್ಲ.

ಮಂಗಳೂರಿನ ಪಣಂಬೂರು ಬಂದರಿನಿಂದಲೇ ಹೋಗುತ್ತದೆ ಅಂದುಕೊಂಡಿದ್ದೆ. ಹಲವರ ಸಾಮಾನು ಸೇರಿಸಿ ತುಂಬುವ ಕಂಟೇನರ್ ಆ ವಾರ ಸಿಕ್ಕಿದ್ದು ಕೊಚ್ಚಿಯಲ್ಲಿ. ಪೆಟ್ಟಿಗೆ ಲಾರಿ ಹತ್ತಿ ಹೆದ್ದಾರಿ 66ರಲ್ಲಿ ತೆಂಕಣಕ್ಕೆ ಹೋಯಿತು. ಸ್ವಂತ ಬಳಕೆಗೆ, ವ್ಯಾಪಾರಕ್ಕಲ್ಲ ಎಂದಾದರೆ ರಫ್ತುದಾರರ ಐಇಸಿ ನಂಬರ್ ಬೇಕಿಲ್ಲ. ಆದರೆ ಪ್ಯಾಕಿಂಗ್ ಪಟ್ಟಿ ಚೊಕ್ಕ ಇರಬೇಕು. "ಬಿಡಿಭಾಗ" ಎಂದು ಬರೆದದ್ದಕ್ಕೆ ವಾಪಸ್ ಬಂತು. ಆಮೇಲೆ ಕೀಲು 46, ಬೋಲ್ಟ್ 180 ಎಂದು ಒಂದೊಂದನ್ನೂ ಎಣಿಸಿ ಬರೆದೆ. ರಾತ್ರಿಯ ತಂಪಿಗೆ ಕಂಟೇನರ್ ಒಳಗೇ ಬೆವರಿ ಹನಿ ಉದುರುತ್ತದೆ. ಅದಕ್ಕೆ ದಪ್ಪ ಪ್ಲಾಸ್ಟಿಕ್ ಸುತ್ತಿ, ನಡುನಡುವೆ ಸಿಲಿಕಾ ಜೆಲ್ ಚೀಲ ಇಟ್ಟಿದ್ದೆ.

ಖರ್ಚಿನಲ್ಲಿ ಹಡಗಿನ ಬಾಡಿಗೆ ಸಣ್ಣದು. ಅಲ್ಲಿ ಇಳಿಸುವುದು, ಗೋದಾಮು, ಕಾಗದಪತ್ರದ ಶುಲ್ಕ ಅದಕ್ಕಿಂತ ಜಾಸ್ತಿ ಆಯಿತು. ಮೇಲೆ ಸಾಮಾನಿನ ಬೆಲೆ, ಬಾಡಿಗೆ, ವಿಮೆ ಸೇರಿಸಿ ಶೇ. 5 ಸುಂಕ. ಏಜೆಂಟರ ಹತ್ತಿರ ಎರಡೂ ಕಡೆಯ ಲೆಕ್ಕವನ್ನು ಮೊದಲೇ ಬರೆಸಿಕೊಳ್ಳಿ.

ಪೆಟ್ಟಿಗೆ ಸೋಹಾರ್ ಬಂದರಿನಲ್ಲಿ ಇಳಿಯಿತು. ಮಸ್ಕತ್‌ನಲ್ಲಿ ಈಗ ಸರಕಿನ ಕಂಟೇನರ್ ಇಳಿಸುವುದಿಲ್ಲ. ತಮ್ಮ ಸುಮಾರು 200 ಕಿ.ಮೀ. ಹೋಗಿ ಅದೇ ಕ್ಯಾಂಟರಿನಲ್ಲಿ ತಂದ. ಒಂದು ತುಂಡೂ ಒದ್ದೆಯಾಗಿರಲಿಲ್ಲ. ಎರಡು ಶುಕ್ರವಾರದಲ್ಲಿ ಜೋಡಿಸಿದ. ಏಳನೇ ನಂಬರಿನ ಕಪಾಟು ಮಾತ್ರ ಕೂರಲಿಲ್ಲ, ಗೋಡೆಯ ಕಬ್ಬಿಣದ ಪಟ್ಟಿಯ ದಪ್ಪ ಅಳತೆಯಲ್ಲಿ ಬಿಟ್ಟುಹೋಗಿತ್ತು. ಆಚಾರ್ರಿಗೆ ವಿಡಿಯೊ ಕಾಲ್ ಮಾಡಿದೆವು. ಅವರು ನಿಧಾನಕ್ಕೆ ನೋಡಿ, "ಹಿಂದಿನಿಂದ ಎರಡು ಸೆಂಟಿಮೀಟರ್ ಕೊಯ್ಯಿ ತಮ್ಮಾ. ಕೊಯ್ದ ಅಂಚಿಗೆ ಎಪಾಕ್ಸಿ ಬಳಿಲಿಕ್ಕೆ ಮರೀಬೇಡ, ನೀರು ಅಲ್ಲಿಂದಲೇ ಒಳಗೆ ಹೋಗುವುದು" ಎಂದರು.